ಒಂದೇ ಗುಣಿಯಲ್ಲಿ ಆರನೆಯ ಸಸಿ

ಕಳೆದ ಪರಿಸರ ದಿನದಂದು ಚಿತ್ತಾಪುರ ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯವರು ಸಸಿ ನೆಡಲು ನನ್ನನ್ನು ಕರೆದಿದ್ದರು. ಶಾಲೆಯ ಹೆಸರು ಇಲ್ಲಿ ಬೇಡ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸುತ್ತಿನ ಯಾವ ಶಾಲೆಯಾದರೂ ಅದಾಗಬಹುದಿತ್ತು. ಶಾಮಿಯಾನ, ಧ್ವನಿವರ್ಧಕ, ಹಾರ, ಶಾಲು ಎಲ್ಲವೂ ಸಿದ್ಧವಾಗಿದ್ದವು. ಅಂಗಳದ ಮೂಲೆಯ ಗುಣಿಯಲ್ಲಿ ಹೊಂಗೆಯ ಸಸಿಯನ್ನಿಟ್ಟು ಮಣ್ಣೆಳೆದು, ಛಾಯಾಗ್ರಾಹಕನ ಅನುಕೂಲಕ್ಕಾಗಿ ಎರಡನೆಯ ಸಲ ನೀರೆರೆದೆ. ಪಕ್ಕದಲ್ಲಿ ಕೊಡ ಹಿಡಿದು ನಿಂತಿದ್ದ ಏಳನೆಯ ತರಗತಿಯ ಹುಡುಗಿ ತಗ್ಗಿದ ದನಿಯಲ್ಲಿ, ‘ಸರ್, ಈ ಗುಣ್ಯಾಗ ಇದು ಆರನೇದು ಅದರಿ’ ಎಂದಳು. ಎರಡನೆಯ ತರಗತಿಯಿಂದ ಅವಳು ಲೆಕ್ಕ ಇಟ್ಟಿದ್ದಳು. ಲೆಕ್ಕ ಇಡಬೇಕಾಗಿದ್ದ ನಾವು, ದೊಡ್ಡವರು, ಇಟ್ಟಿರಲಿಲ್ಲ.

ಆ ಮಾತಿನಿಂದ ಆದ ನಾಚಿಕೆಯೇ ಈ ಲೇಖನಕ್ಕೆ ಕಾರಣ. ಮಣ್ಣು ಮತ್ತು ಬೆಳೆಯ ವಿಜ್ಞಾನವನ್ನು ಓದಿ, ಅದರಲ್ಲಿಯೇ ಅನ್ನ ಉಣ್ಣುತ್ತಿರುವ ನನಗೆ ಆ ಸಸಿ ಬದುಕಲಾರದೆಂದು ನೆಡುವಾಗಲೇ ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ಆದರೂ ನೆಟ್ಟೆ, ಭಾಷಣ ಮಾಡಿದೆ, ಶಾಲು ಹೊದ್ದು ಬಂದೆ. ‘ಹಸಿರು ಶಾಲೆ’ ಎಂಬ ಹೆಸರಿನಲ್ಲಿ ನಾವೆಲ್ಲ ಸೇರಿ ಮಕ್ಕಳ ಮುಂದೆ ಆಡುತ್ತಿರುವ ಈ ನಾಟಕ ನಿಲ್ಲಬೇಕು ಎಂಬುದು ನನ್ನ ವಾದ. ಅದರ ಬದಲಿಗೆ ಏನು ಆಗಬೇಕು, ಅದಕ್ಕೆ ಹಣ ಎಲ್ಲಿದೆ ಎಂಬುದನ್ನೂ ಹೇಳುತ್ತೇನೆ.

ಯಾರ ಪಂಚಾಂಗ?

ಜೂನ್ 5 ಎಂಬುದು 1972ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಆರಂಭವಾದ ದಿನ. ಆ ದಿನವನ್ನು ಜಗತ್ತು ನೆನೆಯಲಿ, ತಕರಾರಿಲ್ಲ. ಆದರೆ ಅದು ನಮ್ಮ ಎರೆಭೂಮಿಯಲ್ಲಿ ಸಸಿ ನೆಡುವ ದಿನವಲ್ಲ. ಮೃಗಶಿರ ಮಳೆ ಹುಟ್ಟುವುದೇ ಜೂನ್ 7-8ರ ಸುಮಾರಿಗೆ. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆರಿದ್ರಾ, ಪುನರ್ವಸು ಮಳೆಗಳು ಬಿದ್ದು ಮಣ್ಣು ಒಳಗಿನವರೆಗೆ ನೆನೆದ ಮೇಲೆಯೇ ಇಲ್ಲಿ ಬೇರಿಗೆ ಆಸರೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಮಳೆ ಬರುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಯಾವ ಒಕ್ಕಲಿಗನೂ ಒಣಗಿದ ಎರೆಯಲ್ಲಿ ತೊಗರಿ ಬಿತ್ತಿ ಭಾಷಣ ಮಾಡುವುದಿಲ್ಲ.

ಎರೆಮಣ್ಣಿನ ಗುಣವೇ ಬೇರೆ. ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಫೆಬ್ರುವರಿ–ಮಾರ್ಚ್ ಹೊತ್ತಿಗೆ ನೆಲ ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಬಿರಿಯುವಾಗ ಎಳೆಯ ಬೇರನ್ನು ಹರಿಯುತ್ತದೆ, ಬಿರುಕಿನಿಂದ ಒಳಗಿನ ತೇವವೂ ಆರಿಹೋಗುತ್ತದೆ. ಅದಕ್ಕೆ ಸರಿಯಾಗಿ ಏಪ್ರಿಲ್–ಮೇ ತಿಂಗಳಲ್ಲಿ ಶಾಲೆಗೆ ರಜೆ. ಸಸಿಗೆ ನೀರು ಅತ್ಯಗತ್ಯವಾದ ದಿನಗಳಲ್ಲಿಯೇ ನೀರೆರೆಯುವ ಕೈಗಳು ಇರುವುದಿಲ್ಲ. ಆದ್ದರಿಂದ ಸತ್ತದ್ದು ಸಸಿಯ ತಪ್ಪಿನಿಂದಲ್ಲ, ಮಕ್ಕಳ ಉದಾಸೀನದಿಂದಲೂ ಅಲ್ಲ. ದೊಡ್ಡ ಗುಣಿ ತೋಡಿ, ಗೊಬ್ಬರ ಮತ್ತು ಗರಸು ಬೆರೆಸಿ, ಆರಿದ್ರೆಯ ನಂತರ ನೆಟ್ಟು, ಬುಡಕ್ಕೆ ಹುಲ್ಲು–ತರಗು ಹೊದಿಸಿ, ಬೇಸಿಗೆಯ ಎರಡು ತಿಂಗಳು ನೀರೆರೆಯುವವರಿಗೆ ಕೂಲಿ ಗೊತ್ತುಮಾಡಿದರೆ ಬೇವು, ಹೊಂಗೆ, ಹುಣಸೆ, ಬಸರಿ ಇಲ್ಲಿ ಚೆನ್ನಾಗಿ ಬರುತ್ತವೆ. ನೂರು ಸಸಿ ನೆಟ್ಟ ವರದಿಗಿಂತ ನಾಲ್ಕು ಮರ ಉಳಿದ ಅಂಗಳ ಮೇಲು.

ಅಶೋಕನು ಸಾಲುಮರಗಳನ್ನು ನೆಡಿಸಿದನೆಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆ ಅಶೋಕನ ಶಾಸನಗಳು ಸಿಕ್ಕ ಸನ್ನತಿ ಇದೇ ಚಿತ್ತಾಪುರ ತಾಲೂಕಿನಲ್ಲಿ, ಭೀಮೆಯ ದಡದಲ್ಲಿದೆ. ಅವನು ಮರದ ಜೊತೆಗೆ ಬಾವಿಯನ್ನೂ ತೋಡಿಸಿದ. ನಾವು ಬಾವಿಯ ಮಾತನ್ನು ಮರೆತು ಮರದ ಮಾತನ್ನಷ್ಟೇ ಉಳಿಸಿಕೊಂಡಿದ್ದೇವೆ.

ಸುಣ್ಣಕಲ್ಲಿನ ನಾಡಿನ ಮಕ್ಕಳು

ಈಗ ಅಸಲು ಮಾತಿಗೆ ಬರೋಣ. ನಮ್ಮ ಕಾಲ ಕೆಳಗಿರುವುದು ಸುಣ್ಣಕಲ್ಲು. ಅದರಿಂದಲೇ ಶಹಾಬಾದದ ಪರಸಿ ದೇಶದ ಉದ್ದಗಲ ಮನೆಗಳ ನೆಲವಾಗಿ ಹಾಸಿತು; ಅದರಿಂದಲೇ ಸಿಮೆಂಟ್ ಬಂತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ ಮೇಲೆ ಈ ಕಲ್ಲಿಗೆ ದಾರಿ ತೆರೆಯಿತು. ಶಹಾಬಾದದಲ್ಲಿ ನಿಜಾಮರ ಕಾಲದಲ್ಲಿಯೇ ಸಿಮೆಂಟ್ ಕಾರ್ಖಾನೆ ಇತ್ತು. ವಾಡಿಯಲ್ಲಿ 1968ರಲ್ಲಿ ಬಂತು. ಮುಂದೆ ಮಳಖೇಡ, ಸೇಡಂ ಸುತ್ತ ಬೆಳೆದು, ಈಚೆಗೆ ಚಿಂಚೋಳಿ ತಾಲೂಕಿಗೂ ಏರಿಬಂದಿದೆ.

ಹೈಸ್ಕೂಲಿನ ಮಕ್ಕಳಿಗೆ ಒಂದು ಸಣ್ಣ ಲೆಕ್ಕ. ಶುದ್ಧ ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಒಂದು ಟನ್ನಿಗೆ 560 ಕಿಲೋ ಸುಣ್ಣ ಉಳಿಯುತ್ತದೆ; 440 ಕಿಲೋ ಇಂಗಾಲದ ಡೈ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಉರುವಲು ಕಲ್ಲಿದ್ದಲಿನ ಹೊಗೆ ಇದಕ್ಕೆ ಸೇರಿಲ್ಲ. ಇದು ಕಲ್ಲಿನೊಳಗಿಂದಲೇ ಬಿಡುಗಡೆಯಾದದ್ದು. ಅಂದರೆ ನಮ್ಮ ನೆಲದ ಹೆಚ್ಚುಕಡಿಮೆ ಅರ್ಧ ತೂಕ ಆಕಾಶಕ್ಕೆ ಹೋಗುತ್ತದೆ, ಉಳಿದದ್ದು ಚೀಲ ತುಂಬಿ ರೈಲು ಹತ್ತುತ್ತದೆ, ಗುಂಡಿ ನಮಗೆ ಉಳಿಯುತ್ತದೆ. ಈ ಪಾಠವನ್ನು ಹೇಳದೆ ‘ಪ್ಲಾಸ್ಟಿಕ್ ಬಿಸಾಡಬೇಡಿ’ ಎಂದು ಮಾತ್ರ ಹೇಳುವ ಪರಿಸರ ಶಿಕ್ಷಣವನ್ನು ನಾನು ಅರ್ಧಸತ್ಯವೆಂದೇ ಕರೆಯುತ್ತೇನೆ. ಚಾಕೊಲೇಟಿನ ಕಾಗದಕ್ಕೆ ಮಗು ಉತ್ತರ ಕೊಡಬೇಕು. ಗುಡ್ಡ ಕರಗಿದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ ಎಂದರೆ ಅದೆಂಥ ನ್ಯಾಯ?

ಸಿಮೆಂಟಿನ ಹಿಂದೆ ಮಕ್ಕಳೂ ಹೋಗುತ್ತಾರೆ. ಕೊಂಚಾವರಂ ಕಡೆಯ ಗುಡ್ಡಗಳ ತಾಂಡಾಗಳಿಂದ, ಬಯಲಿನ ಊರುಗಳಿಂದ, ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಹೈದರಾಬಾದ್, ಪುಣೆ, ಮುಂಬೈಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೊರಡುತ್ತವೆ. ಅಲ್ಲಿ ತಾಯಿ ಕಲಸುವ ಸಿಮೆಂಟು ಊರಿನ ನೆಲದ್ದೇ ಆಗಿರಬಹುದು. ಹಾಜರಿ ಪುಸ್ತಕದಲ್ಲಿ ಆ ಮಗುವಿನ ಹೆಸರಿನ ಮುಂದೆ ಗೆರೆ ಬೀಳುತ್ತದೆ. ನೆಲ ಒಕ್ಕಲುತನವನ್ನು ಸಾಕದೆ ಹೋದಾಗ ಶಾಲೆಯೂ ಬರಿದಾಗುತ್ತದೆ. ಇದು ಪರಿಸರದ ವಿಷಯವಲ್ಲದಿದ್ದರೆ ಬೇರೆ ಯಾವುದು?

ಧೂಳಿನ ಮಾತನ್ನೂ ಆಡಬೇಕು. ಸಿಮೆಂಟಿನ ಧೂಳು ಕ್ಷಾರಗುಣದ್ದು. ಇಬ್ಬನಿಯೊಡನೆ ಬೆರೆತರೆ ಎಲೆಯ ಮೇಲೆ ಹಕ್ಕಳೆಯಾಗಿ ಗಟ್ಟಿಕೊಳ್ಳುತ್ತದೆ, ಬೆಳಕನ್ನು ತಡೆಯುತ್ತದೆ, ಎಲೆ ಉಸಿರಾಡುವ ರಂಧ್ರಗಳನ್ನು ಮುಚ್ಚುತ್ತದೆ. ನಮ್ಮ ತೊಗರಿ ಹೂ ಬಿಡುವುದು ಮಳೆ ಹಿಂತೆಗೆದ ಅಕ್ಟೋಬರ್–ನವೆಂಬರ್ ಕಾಲದಲ್ಲಿ: ಎಲೆ ತೊಳೆಯಲು ಮಳೆಯಿಲ್ಲ, ಧೂಳು ಅಂಟಿಸಲು ಇಬ್ಬನಿಯಿದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತೆಂದು ಹಿಗ್ಗಿದೆವು. ಆ ತೊಗರಿಯ ಎಲೆಯ ಮೇಲೆ ಏನು ಕೂತಿದೆ ಎಂದು ನೋಡಬೇಡವೇ? ಎಲೆಗಾದದ್ದು ಪುಪ್ಪುಸಕ್ಕಾಗದೆಂದು ಯಾರು ಹೇಳುವರು?

‘ಮೊದಲು ಮಾಸ್ತರರು, ಆಮೇಲೆ ಮರ’

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅದನ್ನು ಎತ್ತುವವರು ಪರಿಸರದ ವೈರಿಗಳಲ್ಲ. ಹಲವರು ನಿಷ್ಠಾವಂತ ಶಿಕ್ಷಕರೇ. ‘2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆಯದು. ಗಣಿತಕ್ಕೆ ಶಿಕ್ಷಕರಿಲ್ಲ, ಶೌಚಾಲಯಕ್ಕೆ ನೀರಿಲ್ಲ. ಇಂಥಲ್ಲಿ ನೀವು ಸುಸ್ಥಿರತೆ, ಹವಾಮಾನ ಎನ್ನುತ್ತೀರಲ್ಲ, ಇದು ಹೊಟ್ಟೆ ತುಂಬಿದವರ ಮಾತಲ್ಲವೇ?’ ಎಂದು ಅವರು ಕೇಳುತ್ತಾರೆ.

ಶಿಕ್ಷಕರು ಮೊದಲು ಬರಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆ ಬೇಡಿಕೆಗೆ ನಮ್ಮ ಬಳಗದ ಸಹಿ ಸದಾ ಇದೆ. ಆದರೆ ಅವರೇ ಹೇಳಿದ ಮಾತನ್ನು ಮತ್ತೆ ಓದಿ: ಶೌಚಾಲಯಕ್ಕೆ ನೀರಿಲ್ಲ. ನೀರಿಲ್ಲದ ಶೌಚಾಲಯದಿಂದಾಗಿ ಎಂಟನೆಯ ತರಗತಿಯ ಹುಡುಗಿ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ ಉಳಿದರೆ, ಫಲಿತಾಂಶ ಬೀಳುವುದು ಅಲ್ಲಿಂದಲೇ. ಬೇಸಿಗೆಯಲ್ಲಿ 42–44 ಡಿಗ್ರಿ ಕಾಣುವ ಸೀಮೆ ನಮ್ಮದು. ಆ ದಿನಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳು ಬೆಳಗಿನ ಹೊತ್ತಿಗೆ ಬದಲಾಗುವುದು ವಾಡಿಕೆ. ಅಧಿಕಾರಿಗಳಿಗೆ ಬಿಸಿಲು ತಾಕುತ್ತದೆಯೆಂದು ಸರ್ಕಾರಕ್ಕೆ ಗೊತ್ತಿದೆ. ಕಾದ ಕಾಂಕ್ರೀಟಿನ ಸೂರಿನಡಿ ಕುಳಿತು ಲೆಕ್ಕ ಬಿಡಿಸುವ ಮಗುವಿಗೂ ತಾಕುತ್ತದೆ. ನೀರು, ನೆರಳು, ತಂಪಾದ ಕೋಣೆ, ಶುದ್ಧ ಗಾಳಿ ಇವು ಕಲಿಕೆಯ ಆಚೆಗಿನ ಅಲಂಕಾರಗಳಲ್ಲ. ಪರಿಸರವನ್ನು ‘ಆಮೇಲೆ’ ಎಂದು ಸರಿಸಿಟ್ಟರೆ ಕಲಿಕೆಯೂ ಆಮೇಲೆಯೇ.

‘ಕಾರ್ಖಾನೆ ಇಲ್ಲದಿದ್ದರೆ ಕೆಲಸವೆಲ್ಲಿ?’ ಎಂಬುದು ಇನ್ನೊಂದು ಮಾತು. ಕಾರ್ಖಾನೆಗೆ ಬೀಗ ಹಾಕಿ ಎಂದು ನಾನಿಲ್ಲಿ ಬರೆಯುತ್ತಿಲ್ಲ. ಬೆಲೆ ಕಟ್ಟಿ ಎನ್ನುತ್ತಿದ್ದೇನೆ. ಅದು ಕಾನೂನಿನಲ್ಲಿಯೇ ಇದೆ, ಮುಂದೆ ಹೇಳುತ್ತೇನೆ.

ಶಾಲೆ ಮಾಡಬೇಕಾದದ್ದು

ಮೊದಲನೆಯದು ಸೂರು. ನಮ್ಮ ಹಿರಿಯರು ದಪ್ಪ ಕಲ್ಲುಗೋಡೆ ಕಟ್ಟಿ, ಪರಸಿಯ ಮೇಲೆ ಮಣ್ಣು ಹೊದಿಸಿ ಮಾಳಿಗೆ ಮಾಡಿ ಈ ಬಿಸಿಲನ್ನು ಗೆದ್ದಿದ್ದರು. ನಾವು ಬೆಂಗಳೂರಿನ ನಕ್ಷೆಯ ತೆಳು ಗೋಡೆಯ ಕೋಣೆಯನ್ನು ತಂದು ಇಲ್ಲಿ ಇಳಿಸಿದೆವು. ಇರುವ ಕಟ್ಟಡವನ್ನು ಕೆಡವಬೇಕಿಲ್ಲ. ಪ್ರತಿ ಮಾರ್ಚ್ ತಿಂಗಳಲ್ಲಿ ಮಾಳಿಗೆಗೆ ಬಿಳಿ ಸುಣ್ಣದ ಎರಡು ಲೇಪ ಕೊಟ್ಟರೆ ಬಿಸಿಲಿನ ದೊಡ್ಡ ಪಾಲು ಮೇಲಿಂದಲೇ ಮರಳಿ ಹೋಗುತ್ತದೆ. ಸುಣ್ಣಕ್ಕೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಪಡುವಣ ಗೋಡೆಗೆ ಚಪ್ಪರ, ಎದುರುಬದುರು ಕಿಟಕಿ, ಅದರಾಚೆ ಬೇವು ಬೇಕು. ಇನ್ನು ಮುಂದೆ ಕಟ್ಟುವ ಕೋಣೆಗಳಾದರೂ ನಮ್ಮ ಕಲ್ಲಿನವಾಗಲಿ. ಪರಸಿ ಗಣಿಗಳ ಬಾಯಲ್ಲಿ ಬೆಟ್ಟದಂತೆ ಬಿದ್ದಿರುವ ಚೂರುಕಲ್ಲಿನಿಂದ ಕಾಂಪೌಂಡು, ಕಟ್ಟೆ, ಕಾಲುದಾರಿ ಎಲ್ಲವನ್ನೂ ಕಟ್ಟಬಹುದು.

ಎರಡನೆಯದು ನೀರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಜಿಲ್ಲೆಯ ವಾಡಿಕೆ ಮಳೆ 700 ಮಿಲಿಮೀಟರಿಗಿಂತ ಹೆಚ್ಚು. 700 ಎಂದೇ ಹಿಡಿಯೋಣ. ನೂರು ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 70,000 ಲೀಟರ್ ಬೀಳುತ್ತದೆ. ಐದರಲ್ಲಿ ಒಂದು ಪಾಲು ಸೋರಿ ಆವಿಯಾದರೂ 56,000 ಉಳಿಯುತ್ತದೆ. ನೂರು ಮಕ್ಕಳು ದಿನಕ್ಕೆ ಎರಡು ಲೀಟರಿನಂತೆ 220 ದಿನ ಕುಡಿದರೆ ಬೇಕಾಗುವುದು 44,000. ಬರಗಾಲದ ನಾಡೆಂದು ಗೊಣಗುವ ನಾವು ತಲೆಯ ಮೇಲೆ ಬಿದ್ದ ನೀರನ್ನು ಚರಂಡಿಗೆ ಬಿಟ್ಟಿದ್ದೇವೆ. ಒಂದು ಎಚ್ಚರಿಕೆ: ಕಾರ್ಖಾನೆಗೆ ಹತ್ತಿರದ ಊರುಗಳಲ್ಲಿ ಮಾಳಿಗೆಯ ಮೇಲೆ ಧೂಳು ಕೂತಿರುತ್ತದೆ. ಅಲ್ಲಿ ಮೊದಲ ಮಳೆಗಳ ನೀರನ್ನು ಹೊರಬಿಟ್ಟು, ಉಳಿದದ್ದನ್ನು ಶೌಚಾಲಯಕ್ಕೂ ತೋಟಕ್ಕೂ ಬಳಸಿ. ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಚಿಂಚೋಳಿಯ ಗುಡ್ಡದ ಶಾಲೆಗಳಿಗೆ ಈ ತೊಡಕು ಕಡಿಮೆ.

ಮೂರನೆಯದು ಊಟ. ಅಕ್ಷರ ದಾಸೋಹ 2002ರಲ್ಲಿ ರಾಜ್ಯದಲ್ಲಿ ಮೊದಲು ಆರಂಭವಾದದ್ದು ನಮ್ಮ ಈಶಾನ್ಯದ ಜಿಲ್ಲೆಗಳಲ್ಲಿ. ಮೊಟ್ಟೆ ಕೊಡುವ ಯೋಜನೆಯೂ 2021ರಲ್ಲಿ ಮೊದಲು ಬಂದದ್ದು ಇಲ್ಲಿಗೇ, ಮಕ್ಕಳ ರಕ್ತಹೀನತೆ, ಅಪೌಷ್ಟಿಕತೆಗಳ ಕಾರಣಕ್ಕೆ. ಜೋಳ, ತೊಗರಿ ಬೆಳೆಯುವ ನೆಲದ ಮಕ್ಕಳು ದೂರದಿಂದ ಬಂದ ಅಕ್ಕಿಯನ್ನು ನಂಬಿರುವುದು ವಿಚಿತ್ರವಲ್ಲವೇ? ಪಾತ್ರೆ ತೊಳೆದ ನೀರು ಹರಿಯುವ ಕಡೆ ಹತ್ತು ನುಗ್ಗೆ, ನಾಲ್ಕು ಕರಿಬೇವು, ಎರಡು ಮಡಿ ಪುಂಡಿಪಲ್ಯ ಹಾಕಲು ಯಾವ ಸುತ್ತೋಲೆಯೂ ಬೇಕಿಲ್ಲ. ವಾರಕ್ಕೆರಡು ದಿನವಾದರೂ ಊರಿನ ಒಕ್ಕಲಿಗರಿಂದ ಕೊಂಡ ಜೋಳದ ಊಟ ಸಿಗಲಿ ಎಂದು ಕೇಳುವುದು ನಮ್ಮ ಹಕ್ಕು. ಅದರಿಂದ ಮಗುವಿಗೂ ಲಾಭ, ಬಿತ್ತಿದವನಿಗೂ ಲಾಭ.

ನಾಲ್ಕನೆಯದು ಲೆಕ್ಕ, ನನ್ನ ಪಾಲಿಗೆ ಇದೇ ಮುಖ್ಯ. ಆರು ಸಸಿಗಳ ಲೆಕ್ಕ ಇಟ್ಟ ಹುಡುಗಿಯ ಕೈಗೆ ಒಂದು ದಪ್ಪ ವಹಿ ಕೊಡಿ. ಮಳೆಮಾಪಕದ ಅಂಕಿ ಪ್ರತಿದಿನ, ಊರಬಾವಿಯ ನೀರಿನ ಮಟ್ಟ ಪ್ರತಿ ತಿಂಗಳು, ಮಧ್ಯಾಹ್ನ ಎರಡು ಗಂಟೆಗೆ ಕೋಣೆಯೊಳಗಿನ ಉಷ್ಣಾಂಶ. ಮಾಳಿಗೆಯ ಮೇಲೆ ಅಗಲ ಬಾಯಿಯ ಗಾಜಿನ ಜಾಡಿಯಿಟ್ಟು, ಮೂವತ್ತು ದಿನಕ್ಕೊಮ್ಮೆ ಒಳಗೆ ಬಿದ್ದ ಧೂಳನ್ನು ತೊಳೆದು ಒಣಗಿಸಿ ತೂಗಿ ಬರೆಯಿರಿ. ತೊಗರಿ ಎಲೆ ತೊಳೆದ ನೀರಿನಲ್ಲಿ ಲಿಟ್ಮಸ್ ಕಾಗದ ಅದ್ದಿ ಬಣ್ಣ ನೋಡಿರಿ. ಇದು ಪಠ್ಯದಲ್ಲಿರುವ ವಿಜ್ಞಾನವೇ. ಊರಿಗೆ ತಂದಿದ್ದೇವೆ, ಅಷ್ಟೆ. ಪರಿಸರ ಶಿಕ್ಷಣ ಎಲ್ಲ ಮಕ್ಕಳಿಗೂ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಹೇಳಿದೆ. ಐದು ವರ್ಷ ತಪ್ಪದೆ ಬರೆದ ವಹಿ ಯಾವ ತಜ್ಞನ ವರದಿಗಿಂತಲೂ ಕಡಿಮೆಯಲ್ಲ. ನಾನೂ ತಜ್ಞನೆನಿಸಿಕೊಂಡವನೇ, ಅನುಭವದಿಂದ ಹೇಳುತ್ತಿದ್ದೇನೆ.

ಇದರೊಡನೆ ಒಂದು ಬೇಡಿಕೆಯೂ ಇರಲಿ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಉಸಿರಾಡುವ ಗಾಳಿಯಲ್ಲಿ ಹತ್ತು ಮೈಕ್ರಾನಿಗಿಂತ ಸಣ್ಣ ಕಣಗಳು ದಿನದ ಸರಾಸರಿಯಲ್ಲಿ ಘನಮೀಟರಿಗೆ 100 ಮೈಕ್ರೊಗ್ರಾಂ ಮೀರಬಾರದು. ಸಿಮೆಂಟ್ ಕಾರ್ಖಾನೆಗಳು ಚಿಮಣಿಗೆ ನಿರಂತರ ಮಾಪಕ ಹಾಕಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಆದೇಶಿಸಿದೆ. ಹಾಗಾದರೆ ಚಿಮಣಿಯ ಅಂಕಿಯೂ ಗಾಳಿಯ ಅಂಕಿಯೂ ಸಮೀಪದ ಶಾಲೆಗಳ ಬಾಗಿಲಲ್ಲಿ, ಕನ್ನಡದಲ್ಲಿ, ದಿನವೂ ಕಾಣಲಿ. ಮರೆಮಾಡಲು ಏನೂ ಇಲ್ಲದವರಿಗೆ ಒಂದು ಹಲಗೆ ಭಾರವಾಗದು.

ಯಾರ ದುಡ್ಡು?

‘ಇದಕ್ಕೆಲ್ಲ ಅನುದಾನವೆಲ್ಲಿ?’ ಎಂದು ಕೇಳುವವರಿಗೆ ಉತ್ತರ ಕಾನೂನಿನಲ್ಲಿದೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ, ಗಣಿಗಾರಿಕೆಯಿಂದ ಬಾಧಿತರಾದ ಜನರ ಹಿತಕ್ಕಾಗಿ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಸ್ಥಾಪನೆಯಾಗಬೇಕೆಂದಾಯಿತು. ಹಳೆಯ ಗುತ್ತಿಗೆಯವರು ರಾಜಧನದ ಶೇ 30ರಷ್ಟನ್ನು, ಹರಾಜಿನ ಹೊಸ ಗುತ್ತಿಗೆಯವರು ಶೇ 10ರಷ್ಟನ್ನು ಅದಕ್ಕೆ ಕೊಡಬೇಕು. 2014ರಲ್ಲಿ ಸಾಮಾನ್ಯ ಸುಣ್ಣಕಲ್ಲಿಗೆ ನಿಗದಿಯಾದ ರಾಜಧನ ಟನ್ನಿಗೆ 80 ರೂಪಾಯಿ. ಆ ದರದಲ್ಲಿ ಹಳೆಯ ಗಣಿಯ ಪ್ರತಿ ಟನ್ನಿಗೆ 24 ರೂಪಾಯಿ ಬಾಧಿತ ಜನರದು. ಒಂದು ಚೀಲ ಸಿಮೆಂಟಿನ ಹಿಂದೆ ಬರುವುದು ಒಂದೆರಡು ರೂಪಾಯಿ ಮಾತ್ರ. ಆದರೆ ಎಷ್ಟು ಚೀಲಗಳು ರೈಲು ಹತ್ತುತ್ತವೆ ಎಂಬುದನ್ನು ವಾಡಿ ಜಂಕ್ಷನ್ನಿನಲ್ಲಿ ಒಂದು ಹಗಲು ಕುಳಿತು ನೋಡಿದವರಿಗೆ ಗೊತ್ತು.

ಈ ಹಣ ಯಾವುದಕ್ಕೆ? ಕುಡಿಯುವ ನೀರು, ಪರಿಸರ ರಕ್ಷಣೆ, ಆರೋಗ್ಯ, ಶಿಕ್ಷಣ ಇವು ಆದ್ಯತೆಯ ಬಾಬುಗಳು. 2015ರ ಮಾರ್ಗಸೂಚಿಯಲ್ಲಿ ಶೇ 60ರಷ್ಟಿದ್ದ ಆದ್ಯತೆಯ ಪಾಲು 2024ರ ಪರಿಷ್ಕರಣೆಯಲ್ಲಿ ಶೇ 70ಕ್ಕೆ ಏರಿದೆ. ಗಣಿಯಿಂದ 15 ಕಿಲೋಮೀಟರಿನೊಳಗಿನ ಪ್ರದೇಶವನ್ನು ನೇರವಾಗಿ ಬಾಧಿತವೆಂದು ಗುರುತಿಸಲಾಗಿದೆ. ನಾನು ಹೇಳಿದ ಸೂರು, ನೀರು, ಧೂಳಿನ ಮಾಪಕ ಯಾವುದೂ ಈ ಪಟ್ಟಿಯ ಹೊರಗಿಲ್ಲ. ಆದರೂ ನಮ್ಮ ಶಾಲೆಗಳು ಕಂಪನಿಗಳ ಮುಂದೆ ಬ್ಯಾಗು, ನೋಟುಬುಕ್ಕು, ಸಸಿಗಳಿಗಾಗಿ ಕೈಯೊಡ್ಡುತ್ತವೆ. ಕೊಟ್ಟವರ ಹೆಸರನ್ನು ಗೋಡೆಯ ಮೇಲೆ ಬರೆಸುತ್ತವೆ. ಹಕ್ಕಿನ ಹಣವನ್ನು ಕೇಳಲು ಹಿಂಜರಿದು ದಾನಕ್ಕೆ ಕೈಮುಗಿಯುವುದನ್ನು ಮಕ್ಕಳಿಗೆ ಕಲಿಸಬೇಡಿ.

ಗುಡ್ಡದವರಿಗೆ ಕಡೆಯ ಮಾತು

‘ಗಣಿ ಇರುವುದು ಕೆಳಗೆ, ನಮಗೇನು?’ ಎಂದು ಗುಡ್ಡದ ಗೆಳೆಯರು ಕೇಳಬಹುದು. ಮುಲ್ಲಾಮಾರಿ, ಕಾಗಿಣಾ ಹರಿದು ಹೋಗುವುದು ಕೆಳಗಿನವರ ಕಡೆಗೇ; ಮೇಲೆ ಕಾಡು ಉಳಿದರೆ ಕೆಳಗೆ ನೀರು. 2011ರಲ್ಲಿ ಚಿಂಚೋಳಿಯ 134.88 ಚದರ ಕಿಲೋಮೀಟರ್ ಕಾಡು ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬಗಳಿರುವ ಈ ಒಣಕಾಡು ನಮ್ಮ ಸೀಮೆಯ ಬೀಜದ ಕಣಜ. ಬಯಲಿನ ಶಾಲೆಗಳು ನರ್ಸರಿಯಿಂದ ಗುಲ್‌ಮೊಹರು ತರುವುದರ ಬದಲು, ತಾಂಡಾದ ಮಕ್ಕಳು ತಮ್ಮ ಹೊಲದ ಬದುವಿನಿಂದ, ಊರ ಗೋಮಾಳದಿಂದ ಆರಿಸಿದ ಬೇವು, ಹುಣಸೆ, ಹೊಂಗೆಯ ಬೀಜ ಶಹಾಬಾದಕ್ಕೂ ವಾಡಿಗೂ ಹೋಗಲಿ. ವಾಡಿಯ ಮಕ್ಕಳ ಧೂಳಿನ ವಹಿ ಕೊಂಚಾವರಂಗೆ ಬರಲಿ. ನಾಳೆ ಗುಡ್ಡದ ಬುಡಕ್ಕೆ ಯಂತ್ರ ಬಂದು ನಿಂತಾಗ ಏನು ಕೇಳಬೇಕೆಂದು ಅದರಿಂದ ನಮಗೆ ತಿಳಿದಿರುತ್ತದೆ.

ಕೆಲಸಗಳು ಇಷ್ಟು. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಶಾಲೆಯ ವಹಿಯನ್ನು ಆರಂಭಿಸುವ ಠರಾವು ಮಾಡಿಸಿರಿ. ಮಕ್ಕಳ ಗ್ರಾಮಸಭೆಯಲ್ಲಿ ಆ ವಹಿಯನ್ನು ಮಕ್ಕಳೇ ಓದಲಿ. ಊರಿನ ಗ್ರಾಮಸಭೆಯಲ್ಲಿ ಖನಿಜ ಪ್ರತಿಷ್ಠಾನದ ಹಣದಿಂದ ಯಾವ ಶಾಲೆಗೆ ಏನು ಆಗಬೇಕೆಂದು ಬರೆದು, ನಡಾವಳಿಯ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೆ ಕಳಿಸಿ ಸ್ವೀಕೃತಿ ಪಡೆಯಿರಿ. ಬರುವ ಜೂನ್ 5ರಂದು ಸಸಿ ನೆಡಬೇಡಿ. ಆ ದಿನ ಹಿಂದಿನ ವರ್ಷದ ಸಸಿಗಳನ್ನು ಎಣಿಸಿ, ಬದುಕಿದವೆಷ್ಟು, ಸತ್ತವೆಷ್ಟು ಎಂದು ಸಭೆಗೆ ಹೇಳಿರಿ. ಆರಿದ್ರಾ ಮಳೆ ಬಿದ್ದ ಮೇಲೆ ನೆಡೋಣ.

ನಾನು ಆ ಶಾಲೆಗೆ ಹೋಗುತ್ತೇನೆ, ಈ ಸಲ ಗುದ್ದಲಿ, ಗೊಬ್ಬರ ಹಿಡಿದು. ಆ ಹುಡುಗಿ ಹೈಸ್ಕೂಲಿಗೆ ಹೋಗಿರುತ್ತಾಳೆ. ಅವಳ ಗುಣಿಯ ಲೆಕ್ಕವನ್ನು ಆರಕ್ಕೇ ನಿಲ್ಲಿಸುವುದು ನಮ್ಮ ಕೈಯಲ್ಲಿದೆ.